ತಾಡಪಾಲಿನ ಇನ್ನೊಂದು ತುದಿ ಹಿಡಿದವರಿಗೆ

ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಬೇಸಿಗೆ ಭತ್ತವನ್ನು ಮಲೇಬೆನ್ನೂರಿನ ಸಮೀಪ, ರಸ್ತೆ ಬದಿಯ ನಮ್ಮ ಕಣದಲ್ಲಿ ಒಣಹಾಕಿದ್ದ ದಿನ, ಮಧ್ಯಾಹ್ನ 3 ಗಂಟೆಗೆ ಭರಣಿ ಮಳೆ ಗುಡುಗುತ್ತ ಬಂದಾಗ, ಅಲ್ಲಿದ್ದವರು ನಾನು, ಎಪ್ಪತ್ತು ದಾಟಿದ ಅವ್ವ ಮತ್ತು ಮಾವಿನಕಾಯಿಗೆ ಉಪ್ಪು-ಖಾರ ಹಚ್ಚಿಕೊಂಡು ತಿನ್ನುತ್ತಿದ್ದ ಮಗಳು ಮಾತ್ರ. ಬೈಕು ನಿಲ್ಲಿಸಿ, ಏನನ್ನೂ ಕೇಳದೆ ತಾಡಪಾಲಿನ ಇನ್ನೊಂದು ತುದಿ ಹಿಡಿದು, ಅದು ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಹೇರಿದ ತಮಗೆ ನಮ್ಮ ಮನೆಯವರೆಲ್ಲರ ಪರವಾಗಿ ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ. ರಾಶಿಯ ಬುಡಕ್ಕೆ ನೀರು ನುಗ್ಗಿದರೆ ಭತ್ತ ಮೊಳಕೆಯೊಡೆಯುತ್ತದೆಂದು ತಾವೇ ಸಲಿಕೆ ಹಿಡಿದು ಸುತ್ತಲೂ ಕಾಲುವೆ ತೋಡಿದಿರಿ. ಒಕ್ಕಲುತನದ ಮನೆಯವರಲ್ಲದವರಿಗೆ ಅದು ಹೊಳೆಯುವಂಥದ್ದಲ್ಲ. ಅವ್ವ ಒಗ್ಗರಣೆ ಮಂಡಕ್ಕಿ ತರುವಷ್ಟರಲ್ಲಿ ತಾವು ಹೊರಟೇಬಿಟ್ಟಿದ್ದಿರಿ. ಹೆಸರು ಕೇಳದೆ ಕಳಿಸಿದೆನೆಂದು ಅವರು ಇಂದಿಗೂ ನನ್ನನ್ನೇ ಬೈಯುತ್ತಾರೆ.