ಮಂಡಿ ಕೈಕೊಟ್ಟಾಗ ಕೈ ಹಿಡಿದವರಿಗೆ

ಬಾಸ್ಕೆಟ್‌ಬಾಲ್ ಲೀಗ್‌ನಲ್ಲಿ ನಮ್ಮ ಕೊನೆಯ ಪಂದ್ಯ ಮೊನ್ನೆ ಮುಗಿಯಿತು. ಪ್ಲೇಆಫ್‌ಗೆ ಎರಡು ಗೆಲುವು ಕಮ್ಮಿ ಬಿತ್ತು. ಬೇಜಾರಿದೆ. ಆದರೂ ಈ ಸೀಸನ್ ಆಡಿದೆ ಅನ್ನೋದೇ ನನಗೆ ದೊಡ್ಡದು. ಹಿಂದಿನ ಸೀಸನ್‌ನಲ್ಲಿ ನನ್ನ ಎಡ ಮಂಡಿಯ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು, ಹರಿದಿತ್ತು. ರೀಬೌಂಡ್‌ಗೆ, ಅಂದರೆ ರಿಂಗ್‌ಗೆ ಬಡಿದು ವಾಪಸ್ ಬಂದ ಬಾಲ್ ಹಿಡಿಯಲು, ಹಾರಿ ಒಂದೇ ಕಾಲ ಮೇಲೆ ಇಳಿದೆ. ಯಾರೂ ತಾಗಿರಲಿಲ್ಲ. ಒಳಗಿನಿಂದ ಪಟ್ ಅಂತ ಸದ್ದು ಬಂತು, ಅಷ್ಟೇ.

ಆಪರೇಷನ್ ಆದ ಮೊದಲ ವಾರಗಳಲ್ಲಿ ನಮ್ಮ ಫಿಸಿಯೋ ಮೇಡಂ ಕೇಳಿದ್ದು ಒಂದೇ. ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯನ್ನು ಕೆಳಕ್ಕೆ ಒತ್ತಬೇಕು, ಕಾಲು ಪೂರ್ತಿ ನೆಟ್ಟಗಾಗಬೇಕು. ಆರನೇ ತಿಂಗಳಿಗೆ ಓಡುತ್ತಿದ್ದೆ. ನೋವಿರಲಿಲ್ಲ. ಆಡೇ ಆಡ್ತೀನಿ ಅಂತ ಹಟ ಹಿಡಿದೆ. ಒಂಬತ್ತು ತಿಂಗಳು ತುಂಬುವ ಮೊದಲೇ ಕೋರ್ಟ್‌ಗೆ ಇಳಿದವರಲ್ಲಿ ಮತ್ತೆ ಪೆಟ್ಟಾಗುವುದು ಜಾಸ್ತಿ ಅಂತ ಕೂರಿಸಿ ವಿವರಿಸಿದರು. ಎಡಗಾಲಿನ ಬಲ ಬಲಗಾಲಿನ ಶೇ. 90ರಷ್ಟಾದರೂ ಬರಬೇಕು ಅಂದರು. ನನ್ನದು ಬಂದಿರಲಿಲ್ಲ. ಅವತ್ತು ನಿಮ್ಮ ಮೇಲೆ ರೇಗಿದ್ದೆ ಮೇಡಂ. ಇವತ್ತು ಎಲ್ಲರ ಮುಂದೆ ಹೇಳುತ್ತೇನೆ, ನೀವು ಹೇಳಿದ್ದೇ ಸರಿ. ಈ ಕಾಲು ನಿಮ್ಮದು.

ಊರುಗೋಲಿನಲ್ಲಿ ನಡೆಯುವಾಗಲೂ ಶಾಟ್ ಪ್ರಾಕ್ಟೀಸ್ ನಿಲ್ಲಿಸಬೇಡ ಅಂದಿದ್ದರು ಕೋಚ್. ರಿಂಗ್ ಎದುರಿಗೆ ಒಂದು ಕುರ್ಚಿ ಹಾಕಿಸಿದರು. ಅದರಲ್ಲಿ ಕೂತು ಬಾಲ್ ಎಸೆಯಬೇಕು. ಕಾಲಿನ ಬಲ ಇಲ್ಲದೆ ಹೋದರೆ ರಿಂಗ್ ಇರುವ 3.05 ಮೀಟರ್ ಎಷ್ಟು ಎತ್ತರ ಅಂತ ಆಗ ಗೊತ್ತಾಯಿತು. ಎಷ್ಟೋ ಶಾಟ್ ನೆಟ್‌ಗೂ ತಾಗುತ್ತಿರಲಿಲ್ಲ. ಅಷ್ಟನ್ನೂ ಎತ್ತಿ ಕೊಡುತ್ತಿದ್ದವನು ನಮ್ಮ ತಂಡದ ಎಲ್ಲರಿಗಿಂತ ಚಿಕ್ಕ ಹುಡುಗ. ತನ್ನ ಪ್ರಾಕ್ಟೀಸ್ ಮುಗಿಸಿ, ಬೆವರು ಆರುವ ಮೊದಲೇ ರಿಂಗ್ ಕೆಳಗೆ ಬಂದು ನಿಲ್ಲುತ್ತಿದ್ದ. ಯಾವಾಗ ಆಡ್ತೀರಿ ಅಂತ ಒಂದು ದಿನವೂ ಕೇಳಲಿಲ್ಲ. "ಮೊಣಕೈ ಹೊರಗೆ ಹೋಗ್ತಿದೆ ಅಣ್ಣ" ಅಂತ ಮಾತ್ರ ಹೇಳುತ್ತಿದ್ದ. ಥ್ಯಾಂಕ್ಸ್ ಕಣೋ.

ವಾಪಸ್ ಬಂದ ದಿನ ಎರಡನೇ ಕ್ವಾರ್ಟರ್‌ನಲ್ಲಿ ಮೂರೇ ನಿಮಿಷ ಆಡಿದೆ. ಫೌಲ್ ಆಗಿ ಎರಡು ಫ್ರೀ ಥ್ರೋ ಸಿಕ್ಕವು. ಬಾಲ್ ಕೈಗೆ ಬಂದ ಮೇಲೆ ಎಸೆಯಲು 5 ಸೆಕೆಂಡ್. ಮೊದಲನೆಯದು ರಿಂಗ್‌ಗೆ ಬಡಿದು ಆಚೆ ಹೋಯಿತು. ಎರಡನೆಯದಕ್ಕೆ ಮೊಣಕೈ ಒಳಗಿಟ್ಟೆ. ಬಾಲ್ ಸರ್ರಂತ ನೆಟ್‌ನಲ್ಲಿ ಇಳಿಯಿತು. ಗ್ಯಾಲರಿಯಲ್ಲಿ ನೀವೆಲ್ಲ ಎದ್ದು ನಿಂತಿದ್ರಿ. ಒಂದೇ ಪಾಯಿಂಟ್ ಅಲ್ವಾ ಅದು! ಆ ಚಪ್ಪಾಳೆ ಮರೆಯೋದಿಲ್ಲ.

ಕೋರ್ಟ್ ಅಂಚಿನಲ್ಲಿ ಮಾಪ್ ಹಿಡಿದು ಕೂರುವ ಹುಡುಗರಿಗೂ ಥ್ಯಾಂಕ್ಸ್ ಹೇಳಲೇಬೇಕು. ಯಾರಾದರೂ ಬಿದ್ದೆದ್ದರೆ ಸಾಕು, ಓಡಿ ಬಂದು ಬೆವರು ಒರೆಸುತ್ತಾರೆ. ಮರದ ನೆಲದಲ್ಲಿ ಅಂಗೈಯಗಲ ಒದ್ದೆ ಇದ್ದರೂ ಶೂ ಜಾರುತ್ತದೆ. ಈ ಸಲ ಪ್ರತಿ ಪಂದ್ಯದಲ್ಲೂ ನನ್ನ ಕಣ್ಣು ನೆಲದ ಮೇಲೆಯೇ ಇತ್ತು. ಕಾಲಿಡುವ ಮೊದಲೇ ಅಲ್ಲಿ ಒಣಗಿರುತ್ತಿತ್ತು.

ಅಪ್ಪ, ಅಮ್ಮ, ತಂಗಿಗೆ ಹೇಳಬೇಕಾದ್ದನ್ನು ಮನೆಯಲ್ಲೇ ಹೇಳಿದ್ದೇನೆ.

ಇನ್ನೊಬ್ಬರಿದ್ದಾರೆ. ನಾನು ಬಿದ್ದ ದಿನ ಎಲ್ಲರಿಗಿಂತ ಮೊದಲು ಹತ್ತಿರ ಬಂದವರು ಎದುರಾಳಿ ತಂಡದ ಸೆಂಟರ್, ಅಂದರೆ ರಿಂಗ್ ಹತ್ತಿರ ಆಡುವ ಆಟಗಾರ. ಬಾಲ್ ಬಿಟ್ಟು, ಪಕ್ಕದಲ್ಲೇ ಕೂತು, ನಮ್ಮ ಬೆಂಚಿಗೆ ಕೈ ಮಾಡಿ ಕರೆದಿದ್ದರು. ಮೊನ್ನೆಯ ಪಂದ್ಯ ಅದೇ ತಂಡದ ಜೊತೆ. ಮುಗಿದ ಮೇಲೆ ಕೈ ಕುಲುಕುವ ಸಾಲಿನಲ್ಲಿ ಎದುರಾದರು. ಮುಖಕ್ಕಿಂತ ಮೊದಲು ನನ್ನ ಮಂಡಿ ನೋಡಿದರು. "ಪೂರ್ತಿ ನೆಟ್ಟಗಾಗುತ್ತಾ?" ಅಂದರು.

ಅಲ್ಲೇ ನಿಂತು ಕಾಲು ಚಾಚಿ ತೋರಿಸಿದೆ.