ತೂಬಿನ ಬಳಿ ನಡೆಯುವ ಆಡಳಿತವನ್ನೂ ಲೆಕ್ಕಕ್ಕೆ ಹಿಡಿಯಿರಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋದ ಮೇಲೆ ನಮ್ಮ ಭಾಗದ ನೀರಾವರಿಯ ಮಾತೆಲ್ಲ ಅಣೆಕಟ್ಟೆಯ 33 ಗೇಟುಗಳ ಸುತ್ತಲೇ ನಡೆದಿದೆ. ಆ ಮಾತು ಬೇಕಾದದ್ದೇ. ಆದರೆ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ಮಾನ್ವಿ ತಾಲೂಕಿನ ಒಂದು ಹಳ್ಳಿಯಲ್ಲಿ, ಮೂವತ್ತು ವರ್ಷಗಳಿಂದ ಒಕ್ಕಲುತನ ಮಾಡಿಕೊಂಡು ಬಂದಿರುವ ನನಗೆ ಒಂದು ವಿಷಯ ಹೇಳಲೇಬೇಕೆನಿಸಿದೆ. ಯಾರ ಹೊಲಕ್ಕೆ ಎಷ್ಟು ನೀರು ಎಂಬುದು ತೀರ್ಮಾನವಾಗುವುದು ಉಪಕಾಲುವೆಯ ತುಕ್ಕು ಹಿಡಿದ ಗೇಟುಗಳಲ್ಲಿ, ಹೊಲಗಾಲುವೆಯ ತೂಬುಗಳಲ್ಲಿ, ಅದೂ ಹೆಚ್ಚಾಗಿ ರಾತ್ರಿಯ ಹೊತ್ತಿನಲ್ಲಿ.

ಸುಮಾರು 227 ಕಿ.ಮೀ. ಉದ್ದದ ಈ ಕಾಲುವೆಯನ್ನು ರೂಪಿಸಿದವರ ಲೆಕ್ಕದಲ್ಲಿ ಅಚ್ಚುಕಟ್ಟಿನ ಬಹುಪಾಲು ಭೂಮಿ ಅರೆ ನೀರಾವರಿಯದ್ದು. ಜೋಳ, ಶೇಂಗಾ, ಹತ್ತಿಯಂಥ ಬೆಳೆಗಳಿಗೆ ಸಾಲುವಷ್ಟು ನೀರನ್ನು ಹೆಚ್ಚು ಊರುಗಳಿಗೆ ಹಂಚಬೇಕು, ಬರಪೀಡಿತ ಸೀಮೆಯ ಹೆಚ್ಚು ಜನರಿಗೆ ಆಸರೆಯಾಗಬೇಕು ಎಂಬುದೇ ಅದರ ಉದ್ದೇಶವಾಗಿತ್ತು. ಭತ್ತಕ್ಕೆ ಗುರುತಿಸಿದ್ದು ಸ್ವಲ್ಪವೇ ಭೂಮಿ. ಆದರೆ ಕರಾವಳಿ ಆಂಧ್ರದಿಂದ ಬಂದು ಕ್ಯಾಂಪುಗಳೆಂಬ ಹೊಸ ವಸತಿಗಳಲ್ಲಿ ನೆಲೆಸಿದ ಕುಟುಂಬಗಳು ಎರೆ ಭೂಮಿಯನ್ನು ಮಟ್ಟ ಮಾಡಿ ಭತ್ತ ನಾಟಿ ಮಾಡಿದವು. ಅದನ್ನು ಕಂಡು ನಮ್ಮವರೂ ನಾಟಿ ಮಾಡಿದರು. ಗಂಗಾವತಿ, ಕಾರಟಗಿ, ಸಿಂಧನೂರುಗಳಲ್ಲಿ ಅಕ್ಕಿ ಗಿರಣಿಗಳು ಎದ್ದವು, ಭತ್ತಕ್ಕೆ ಬೆಳೆಸಾಲವೂ ಸಿಕ್ಕಿತು. ಇಷ್ಟಾದ ಮೇಲೆ ಸರ್ಕಾರಿ ಕಡತದಲ್ಲಿರುವ ಬೆಳೆ ಪದ್ಧತಿಗೂ ಹೊಲದಲ್ಲಿರುವ ಬೆಳೆಗೂ ಸಂಬಂಧವೇ ಉಳಿಯಲಿಲ್ಲ. ಇದನ್ನು ಯಾವ ಆದೇಶವೂ ಮಾಡಲಿಲ್ಲ. ಸಾವಿರಾರು ರೈತರು ತಂತಮ್ಮ ಹೊಲದಲ್ಲಿ ಕೈಗೊಂಡ ತೀರ್ಮಾನಗಳು ಸೇರಿ ಮಾಡಿದವು. ಮೇಲ್ಭಾಗದವರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ನೀರು ಸಿಕ್ಕ ವರ್ಷ ನಾನೂ ಭತ್ತವನ್ನೇ ಹಚ್ಚಿದ್ದೇನೆ.

ನೀರು ಬಿಡುವ ದಿನಾಂಕವನ್ನು ನಿಗದಿ ಮಾಡುವುದು ನೀರಾವರಿ ಸಲಹಾ ಸಮಿತಿ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಸಭೆ ಜಲಾಶಯದ ಬಳಿಯ ಮುನಿರಾಬಾದಿನಲ್ಲಾದರೂ ಆಗಲಿ, ಬೆಂಗಳೂರಿನಲ್ಲಾದರೂ ಆಗಲಿ, ಅದಕ್ಕೆ ಮೊದಲೇ ಮೇಲ್ಭಾಗದ ಅನೇಕರು ಬೋರ್‌ವೆಲ್ ನೀರಿನಿಂದಲೋ ಹಳ್ಳದ ನೀರಿನಿಂದಲೋ ಸಸಿ ಮಡಿ ಹಾಕಿಬಿಟ್ಟಿರುತ್ತಾರೆ. ಮಡಿಯಲ್ಲಿ ಸಸಿ ಎದ್ದು ನಿಂತ ಮೇಲೆ, ನೀರು ಕಡಿಮೆಯಿದೆ, ಅರೆ ನೀರಾವರಿ ಬೆಳೆಯನ್ನಷ್ಟೇ ಬೆಳೆಯಿರಿ ಎಂದು ಹೇಳುವ ಧೈರ್ಯ ಯಾವ ಜನಪ್ರತಿನಿಧಿಗೂ ಬರುವುದಿಲ್ಲ. ಸಮಿತಿಯ ನಿರ್ಣಯಕ್ಕಿಂತ ಸಸಿ ಮಡಿಯೇ ಹಿರಿದಾಗುತ್ತದೆ. ಜಲಾಶಯದ ಸಾಮರ್ಥ್ಯ ಮೊದಲು 133 ಟಿಎಂಸಿ ಅಡಿಯಷ್ಟಿದ್ದು, ಹೂಳು ತುಂಬಿ ಈಗ 105 ಟಿಎಂಸಿ ಅಡಿಯ ಆಸುಪಾಸಿಗೆ ಇಳಿದಿರುವಾಗ ಈ ಜಗ್ಗಾಟದ ಭಾರವೆಲ್ಲ ಕೊನೆಗೆ ಬೀಳುವುದು ಕಾಲುವೆಯ ಬಾಲದ ಮೇಲೆ.

ಆ ಬಾಲದಲ್ಲಿ ನಾವು ಮಾಡುವುದೇನು ಎಂಬುದನ್ನು ನೋಡಿದವರು ಕಡಿಮೆ. ನಮ್ಮ ತೂಬಿನ ಕೆಳಗೆ 41 ಮನೆಗಳ ಹೊಲಗಳಿವೆ. ನೀರು ಬರುತ್ತದೆಂಬ ಸುದ್ದಿ ಬಂದ ದಿನವೇ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಪಾಳಿ ಹಚ್ಚುತ್ತೇವೆ. ಎಕರೆಗೆ ಇಷ್ಟು ತಾಸು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ಮನೆಯಲ್ಲಿ ಸಾವು ಸಂಭವಿಸಿದವರ ಪಾಳಿಯನ್ನು ಹಿಂದೆ ಮುಂದೆ ಮಾಡುತ್ತೇವೆ. ಗಂಡಸರಿಲ್ಲದ ಮನೆಯವರಿಗೆ ರಾತ್ರಿಯ ಪಾಳಿ ಕೊಡುವುದಿಲ್ಲ. ಕಾಲುವೆಯಲ್ಲಿ ನೀರು ಇಳಿದರೆ ಮನೆಗೊಬ್ಬರಂತೆ ಬುತ್ತಿ ಕಟ್ಟಿಕೊಂಡು, ಟ್ರ್ಯಾಕ್ಟರಿನಲ್ಲಿ ಕೂತು ಮೇಲಕ್ಕೆ ಕಾವಲಿಗೆ ಹೋಗುತ್ತೇವೆ. ಹೋದ ಸಲ ಅಂಥ ಒಂದು ರಾತ್ರಿ ಮೇಲಿನ ಊರಿನ ತೂಬಿನ ಎದುರು ಗೋಣಿಚೀಲಗಳಲ್ಲಿ ಮಣ್ಣು ತುಂಬಿ ಅಡ್ಡ ಒಟ್ಟಿದ್ದನ್ನು ಕಂಡೆವು. ಕಾಲುವೆಯ ನೀರು ಅಲ್ಲಿ ಮೊಳದಷ್ಟು ಏರಿ ತೂಬಿನೊಳಕ್ಕೆ ನುಗ್ಗುತ್ತಿತ್ತು. ಕಾಯುತ್ತಿದ್ದ ಮುದುಕರೊಬ್ಬರು ನಮ್ಮನ್ನು ಕಂಡು ಓಡಲಿಲ್ಲ. 'ಬೆಳಗಿನ ಜಾವದತನಕ ಬಿಡ್ರಪ್ಪಾ, ನಾಟಿ ಹಚ್ಚೀವಿ, ಆಮ್ಯಾಲೆ ನಾನೇ ಚೀಲ ತೆಗಿತೀನಿ' ಎಂದರು. ನಾಲ್ಕು ಗಂಟೆಗೆ ತಾವೇ ನೀರಿಗಿಳಿದು ಚೀಲ ತೆಗೆದರು. ಆ ಹೊತ್ತಿನಲ್ಲಿ ಅಲ್ಲಿ ಇಲಾಖೆಯವರು ಒಬ್ಬರೂ ಇರಲಿಲ್ಲ. ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗಳಾದರೂ ಎಷ್ಟು ಮೈಲು ಓಡಾಡಿಯಾರು? ಇರುವವರೇ ಕೆಲವರು, ಅವರಿಗೂ ವೇತನ ಸಕಾಲಕ್ಕೆ ಸಿಗುವುದಿಲ್ಲವೆಂಬ ದೂರು ಹಳೆಯದು.

ಇದಲ್ಲದೆ, ಯಾವ ಲೆಕ್ಕಕ್ಕೂ ಸಿಗದ ಇನ್ನೊಂದು ನೀರಾವರಿ ಇಲ್ಲಿದೆ. ಮೇಲಿನ ಗದ್ದೆಗಳಿಂದ ಬಸಿದ ನೀರು ಹಳ್ಳಕ್ಕೆ ಇಳಿಯುತ್ತದೆ. ಅಲ್ಲಿಂದ ನಮ್ಮಂಥವರು ಪಂಪ್‌ಸೆಟ್ ಇಟ್ಟು ಅದನ್ನು ಎತ್ತಿಕೊಳ್ಳುತ್ತೇವೆ. ಕಡತದ ಪ್ರಕಾರ ಅದು ಪೋಲಾದ ನೀರು, ನಮ್ಮ ಪಾಲಿಗೆ ಅದೇ ಒಂದು ಬೆಳೆ. ನಾಳೆ ಕಾಲುವೆಗೆಲ್ಲ ಕಾಂಕ್ರೀಟ್ ಹಾಕಿ ಸೋರಿಕೆ ನಿಲ್ಲಿಸಿದರೆ ಹಳ್ಳದ ನೀರನ್ನೇ ನಂಬಿದವರ ಗತಿಯೇನು ಎಂದು ಯಾರೂ ಕೇಳಿದಂತಿಲ್ಲ. ಅದೇ ನೀರು ನಿಂತು ಭೂಮಿ ಸವುಳಾದವರ ಸಂಕಟವೂ ನಿಜವೇ.

ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು ಸರ್ಕಾರ 2024ರಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆಯನ್ನು ಬಿಗಿಗೊಳಿಸಿತು. ಕೊನೆಭಾಗದವನಾಗಿ ನಾನು ಅದನ್ನು ಸ್ವಾಗತಿಸುತ್ತೇನೆ. ಕಾಲುವೆಯಿಂದ ನೇರವಾಗಿ ದೊಡ್ಡ ಪೈಪು ಎಳೆದು ದೂರದ ಭೂಮಿಗೆ ನೀರು ಒಯ್ಯುವವರ ಮೇಲೆ ಕ್ರಮ ಆಗಲೇಬೇಕು. ಆದರೆ ಕಾಲುವೆಯ ದಂಡೆಗೆ ನಿಷೇಧಾಜ್ಞೆ ಹೇರಿ ಪೊಲೀಸರನ್ನು ನಿಲ್ಲಿಸಿದ್ದು ಹಿಂದೆಯೂ ಉಂಟು. ಪೊಲೀಸರು ಹೋದ ಮರುದಿನ ಎಲ್ಲ ಮೊದಲಿನಂತೆಯೇ ಆಯಿತು. ಗೋಣಿಚೀಲದ ಮುದುಕರನ್ನೂ ಪೈಪಿನ ಧಣಿಯನ್ನೂ ಒಂದೇ ಕಲಮಿನಡಿ ತಂದರೆ, ರೈತರೇ ಕಟ್ಟಿಕೊಂಡಿರುವ ಪಾಳಿಯ ಕಟ್ಟಳೆ ಮೊದಲು ಮುರಿಯುತ್ತದೆ. ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾಯ್ದೆಯ ಬಲ ಸಿಕ್ಕು ಎರಡು ದಶಕಗಳೇ ಕಳೆದಿವೆಯಾದರೂ ನಮ್ಮ ಕಡೆ ಹಲವು ಸಂಘಗಳು ಬೋರ್ಡಿಗಷ್ಟೇ ಉಳಿದಿವೆ. ಕಾರಣ ಕಷ್ಟದ್ದಲ್ಲ. ಉಪಕಾಲುವೆಗೆ ಎಷ್ಟು ನೀರು, ಯಾವ ದಿನ ಎಂಬ ಖಾತ್ರಿಯೇ ಇಲ್ಲದಿರುವಾಗ ಸಂಘದವರು ಹಂಚುವುದಾದರೂ ಏನನ್ನು?

ಆದ್ದರಿಂದ ಮುಂದಿನ ಹಂಗಾಮಿಗೆ ಮೊದಲೇ ಎರಡು ಕೆಲಸಗಳಾಗಬೇಕೆಂದು ಕೇಳಿಕೊಳ್ಳುತ್ತೇನೆ. ಕಾಲುವೆಯ 69 ಮತ್ತು 104ನೇ ಮೈಲಿನ ಗೇಜುಗಳಲ್ಲಿ ಪ್ರತಿದಿನ ದಾಖಲಾಗುವ ನೀರಿನ ಮಟ್ಟವನ್ನು ಎಲ್ಲ ಗ್ರಾಮ ಪಂಚಾಯಿತಿಗಳ ಫಲಕದಲ್ಲಿ ಪ್ರಕಟಿಸಬೇಕು. ಮೇಲೆ ಎಷ್ಟು ನೀರಿದೆಯೆಂಬುದು ಖಚಿತವಾದರೆ ಅನುಮಾನದಿಂದಲೇ ಹುಟ್ಟುವ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ. ಇನ್ನು, ಸಲಹಾ ಸಮಿತಿ ಸೇರುವ ಮೊದಲು ಪ್ರತಿ ಉಪಕಾಲುವೆಯಲ್ಲಿ ಎಷ್ಟು ಸಸಿ ಮಡಿ ಬಿದ್ದಿದೆ, ಯಾವ ತೂಬಿನಡಿ ಯಾವ ಪಾಳಿ ನಡೆಯುತ್ತಿದೆ ಎಂಬುದನ್ನು ಎಂಜಿನಿಯರುಗಳು ಊರಿಗೆ ಬಂದು, ಕೊನೆಭಾಗದಿಂದ ಆರಂಭಿಸಿ, ಬರೆದುಕೊಳ್ಳಬೇಕು. ನಮ್ಮ ಊರಿನ ಪಾಳಿಯ ನೋಟ್‌ಬುಕ್ಕುಗಳು ಹನ್ನೊಂದು ವರ್ಷಗಳದ್ದು ಗುಡಿಯ ಪೂಜಾರರ ಮನೆಯ ಗೂಡಿನಲ್ಲಿವೆ. ಯಾರು ಬಂದು ಕೇಳಿದರೂ ತೋರಿಸುತ್ತೇವೆ.

ಇಂತಿ,
ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ
ಮಾನ್ವಿ ತಾಲೂಕು, ರಾಯಚೂರು ಜಿಲ್ಲೆ