ಅರಸನ ರುಜು, ಮಂತ್ರಿಯ ಹೊಣೆ

ಬ್ರಸೆಲ್ಸ್

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ನೀವೂ ಅಮ್ಮನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ಕಳೆದ ಸಲ ಫೋನಿನಲ್ಲಿ ನೀವು ಕೇಳಿದ ಪ್ರಶ್ನೆಗೆ ಅವಸರದ ಉತ್ತರ ಬೇಡವೆಂದು ಈ ಕಾಗದ ಬರೆಯುತ್ತಿದ್ದೇನೆ. ಬೆಲ್ಜಿಯಂ ಸಂಸತ್ತಿನ ಕಾಯಿದೆಗಳು ಅರಸನ ಅಂಕಿತ ಬಿದ್ದೇ ಹೊರಬರುತ್ತವೆ, ಮಂತ್ರಿಗಳನ್ನು ನೇಮಿಸುವವನೂ ಅವನೇ, ಸೇನೆಯ ಅಧಿಪತಿಯೂ ಅವನೇ. ಹಾಗಿದ್ದ ಮೇಲೆ ಅವನ ಕೈಯಲ್ಲಿ ಏನೂ ಇಲ್ಲವೆಂದು ಹೇಳುವುದು ಹೇಗೆ ಎಂದು ನೀವು ಕೇಳಿದಿರಿ. ಸಂವಿಧಾನದ ಆ ಕೆಲವು ವಿಧಿಗಳನ್ನಷ್ಟೇ ಓದಿದರೆ ನಿಮ್ಮ ಸಂಶಯ ನ್ಯಾಯವಾದದ್ದೇ. ಆದರೆ ಅರಸನಿಗೆ ಕೊಟ್ಟಿರುವ ಅಧಿಕಾರಗಳ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಅವನ ಮಿತಿ ಕಾಣುವುದಿಲ್ಲ. ಆ ಅಧಿಕಾರಗಳಲ್ಲಿ ಒಂದನ್ನೂ ಅವನು ಒಬ್ಬನೇ ಚಲಾಯಿಸಲಾರ ಎಂಬ ಏರ್ಪಾಟಿನಲ್ಲಿ ಅದು ಅಡಗಿದೆ.

1831ರಲ್ಲಿ ರಚನೆಯಾದ ಇಲ್ಲಿನ ಸಂವಿಧಾನ ಈ ಏರ್ಪಾಟನ್ನು ಬಹಳ ಬಿಗಿಯಾಗಿ ಹೆಣೆದಿದೆ. ಮಂತ್ರಿಯೊಬ್ಬರ ಮೇಲುರುಜು, ಅಂದರೆ ಅರಸನ ರುಜುವಿನ ಜೊತೆಗೆ ಮಂತ್ರಿಯೂ ಹಾಕುವ ರುಜು, ಇಲ್ಲದ ಅರಸನ ಯಾವ ಆಜ್ಞೆಗೂ ಬೆಲೆಯಿಲ್ಲ, ಮೇಲುರುಜು ಹಾಕಿದ ಮಂತ್ರಿ ಆ ಕ್ಷಣದಿಂದಲೇ ಅದರ ಹೊಣೆ ಹೊರುತ್ತಾನೆ ಎಂದು 106ನೆಯ ವಿಧಿ ಹೇಳುತ್ತದೆ. ಅರಸನ ಮೇಲೆ ಯಾರೂ ಮೊಕದ್ದಮೆ ಹೂಡುವಂತಿಲ್ಲ. ಆದರೆ ಅರಸ ಹೇಳಿದ್ದರಿಂದ ಮಾಡಿದೆ ಎಂದು ಮಂತ್ರಿ ನುಣುಚಿಕೊಳ್ಳುವಂತೆಯೂ ಇಲ್ಲ, ಏಕೆಂದರೆ ಅರಸನ ಬಾಯಿಮಾತಾಗಲಿ ಲಿಖಿತ ಆಜ್ಞೆಯಾಗಲಿ ಮಂತ್ರಿಯನ್ನು ಹೊಣೆಯಿಂದ ಬಿಡಿಸಲಾರದೆಂದು ಇನ್ನೊಂದು ವಿಧಿ ಸ್ಪಷ್ಟಪಡಿಸಿದೆ. ಸಂವಿಧಾನವೂ ಅದರ ಅಡಿಯಲ್ಲಿ ಬಂದ ಕಾಯಿದೆಗಳೂ ಸ್ಪಷ್ಟವಾಗಿ ಕೊಟ್ಟದ್ದರ ಹೊರತು ಅರಸನಿಗೆ ಬೇರೆ ಅಧಿಕಾರವೇ ಇಲ್ಲವೆಂಬ ಮಾತು 105ನೆಯ ವಿಧಿಯಲ್ಲಿದೆ. ತಂದೆ ತೀರಿಕೊಂಡ ಮಾತ್ರಕ್ಕೆ ಮಗ ಅರಸನಾಗುವುದೂ ಇಲ್ಲ. ಸಂಸತ್ತಿನ ಎರಡೂ ಸದನಗಳ ಮುಂದೆ ನಿಂತು, ಸಂವಿಧಾನವನ್ನೂ ಬೆಲ್ಜಿಯಂ ಜನರ ಕಾಯಿದೆಗಳನ್ನೂ ಪಾಲಿಸುತ್ತೇನೆಂದು ಪ್ರಮಾಣ ಮಾಡಿದ ಮೇಲೆಯೇ ಸಿಂಹಾಸನ ಅವನದು. ಅಲ್ಲಿಯವರೆಗೆ ಅವನ ಅಧಿಕಾರಗಳನ್ನು ಮಂತ್ರಿಮಂಡಲವು ಜನರ ಹೆಸರಿನಲ್ಲಿ ತನ್ನ ಹೊಣೆಯ ಮೇಲೆ ನಡೆಸುತ್ತದೆ.

ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ 1990ರಲ್ಲಿ ದೇಶ ಇಕ್ಕಟ್ಟಿಗೆ ಸಿಕ್ಕಾಗ ಕೈಹಿಡಿದದ್ದು ಇದೇ. ಕೆಲವು ಷರತ್ತುಗಳಿಗೆ ಒಳಪಟ್ಟು ಗರ್ಭಪಾತವನ್ನು ಅಪರಾಧಗಳ ಸಾಲಿನಿಂದ ಹೊರತರುವ ಮಸೂದೆಯನ್ನು ಆ ವರ್ಷ ಸಂಸತ್ತು ಅಂಗೀಕರಿಸಿತು. ಶ್ರದ್ಧಾವಂತ ಕ್ಯಾಥೊಲಿಕ್ ಆಗಿದ್ದ ದೊರೆ ಬೋದುವಾಂ, ಅದಕ್ಕೆ ಅಂಕಿತ ಹಾಕಲು ತಮ್ಮ ಆತ್ಮಸಾಕ್ಷಿ ಒಪ್ಪುವುದಿಲ್ಲವೆಂದು ಪ್ರಧಾನಿ ವಿಲ್ಫ್ರಿಡ್ ಮಾರ್ಟೆನ್ಸ್ ಅವರಿಗೆ ಕಾಗದ ಬರೆದರು. ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಲ್ಲರಿಗೂ ಇದ್ದು ಅರಸನೊಬ್ಬನಿಗೆ ಮಾತ್ರ ಇಲ್ಲವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಅದೇ ಕಾಗದದಲ್ಲಿ ಅವರು ಸಂಸತ್ತಿನ ಇಚ್ಛೆಗೆ ಅಡ್ಡ ಬರುವ ಉದ್ದೇಶ ತಮಗಿಲ್ಲವೆಂದೂ, ಸರ್ಕಾರವೇ ದಾರಿಯೊಂದನ್ನು ಹುಡುಕಬೇಕೆಂದೂ ಕೇಳಿಕೊಂಡರು. ಅರಸನು ಆಳಲು ಅಸಮರ್ಥನಾದರೆ ಏನು ಮಾಡಬೇಕೆಂಬ ವಿಧಿಯೊಂದು ಸಂವಿಧಾನದಲ್ಲಿತ್ತು. ಅದಕ್ಕೆ ಹಿಂದೆ 1940ರಲ್ಲಿ, ದೊರೆ ಮೂರನೆಯ ಲಿಯೋಪೋಲ್ಡ್ ಜರ್ಮನರ ಸೆರೆಯಾದಾಗ, ಅದನ್ನು ಬಳಸಲಾಗಿತ್ತು. ಮಂತ್ರಿಮಂಡಲ ಈಗ ಆ ವಿಧಿಯನ್ನೇ ಹಿಡಿದು ಏಪ್ರಿಲ್ 4ರಂದು ದೊರೆ ಆಳಲು ಅಸಮರ್ಥರೆಂದು ಘೋಷಿಸಿತು, ಮಂತ್ರಿಗಳೆಲ್ಲರೂ ರುಜು ಹಾಕಿ ಕಾಯಿದೆಯನ್ನು ಹೊರಡಿಸಿದರು, ಮರುದಿನ ಏಪ್ರಿಲ್ 5ರಂದು ಸದನಗಳು ಒಟ್ಟಾಗಿ ಸೇರಿ ಅವರ ಅಸಮರ್ಥತೆ ಕೊನೆಗೊಂಡಿತೆಂದು ನಿರ್ಣಯಿಸಿದವು.

ಮೊದಲ ಸಲ ಇದನ್ನು ಓದಿದಾಗ ನನಗೆ ನಗು ಬಂತೆಂದು ಒಪ್ಪಬೇಕು. ಆದರೆ ಯೋಚಿಸಿದಷ್ಟೂ ಇದು ಗಂಭೀರವಾಗಿ ಕಾಣುತ್ತದೆ. ಅರಸನ ಬೇಡವೆಂಬ ಮಾತಿನಿಂದ ಕಾಯಿದೆ ಒಂದು ವಾರವೂ ನಿಲ್ಲಲಿಲ್ಲ, ಅರಸನ ಕೈಯನ್ನು ಯಾರೂ ಬಲವಂತವಾಗಿ ಹಿಡಿದು ಬರೆಸಲೂ ಇಲ್ಲ. ಆದರೂ ಆರೋಗ್ಯವಾಗಿದ್ದು, ಸ್ವಸ್ಥಚಿತ್ತದಿಂದ ಭಿನ್ನಾಭಿಪ್ರಾಯ ತಿಳಿಸಿದ ವ್ಯಕ್ತಿಯನ್ನು ಅಸಮರ್ಥನೆಂದು ಕರೆಯುವುದು ವಿಧಿಯನ್ನು ಜಗ್ಗಿ ಹಿಗ್ಗಿಸಿದಂತೆಯೇ ಸರಿ. ಸೆರೆಯಲ್ಲಿದ್ದ ಅರಸನಿಗೂ ಒಪ್ಪದ ಅರಸನಿಗೂ ಒಂದೇ ಮದ್ದು ಎಂಬುದು ನನಗಿನ್ನೂ ಒಗ್ಗಿಲ್ಲ.

ನೆರೆಯ ಲಕ್ಸೆಂಬರ್ಗ್ ಇಂಥದೇ ಸಂದರ್ಭದಲ್ಲಿ ಬೇರೆ ಹಾದಿ ಹಿಡಿಯಿತು. 2008ರ ಡಿಸೆಂಬರಿನಲ್ಲಿ ಅಲ್ಲಿನ ಗ್ರ್ಯಾಂಡ್ ಡ್ಯೂಕ್ ಹೆನ್ರಿ ದಯಾಮರಣದ ಮಸೂದೆಗೆ ಸಮ್ಮತಿ ಕೊಡುವುದಿಲ್ಲವೆಂದಾಗ, ಸಂಸತ್ತು ಸಂವಿಧಾನವನ್ನೇ ತಿದ್ದಿ ಸಮ್ಮತಿ ಕೊಡುವ ಅಧಿಕಾರವನ್ನು ತೆಗೆದುಹಾಕಿತು. 2009ರಿಂದ ಅಲ್ಲಿನ ಗ್ರ್ಯಾಂಡ್ ಡ್ಯೂಕರಿಗೆ ಉಳಿದಿರುವುದು ಅಂಗೀಕಾರವಾದ ಕಾಯಿದೆಯನ್ನು ಪ್ರಕಟಿಸುವ ಕರ್ತವ್ಯ ಮಾತ್ರ. ಸ್ವೀಡನ್ನಿನಲ್ಲಿ ಅಷ್ಟೂ ಇಲ್ಲ: 1975ರಲ್ಲಿ ಜಾರಿಗೆ ಬಂದ ಸಂವಿಧಾನದಂತೆ ದೊರೆ ಕಾಯಿದೆಗಳಿಗೆ ರುಜು ಹಾಕುವುದಿಲ್ಲ, ಪ್ರಧಾನಿಯ ಹೆಸರನ್ನು ಸೂಚಿಸುವುದು ಸಂಸತ್ತಿನ ಸ್ಪೀಕರ್. ಜಪಾನಿನ 1947ರ ಸಂವಿಧಾನ ಚಕ್ರವರ್ತಿಯನ್ನು ರಾಷ್ಟ್ರದ ಮತ್ತು ಜನರ ಏಕತೆಯ ಸಂಕೇತವೆಂದು ಕರೆದು, ಆಡಳಿತಕ್ಕೆ ಸಂಬಂಧಿಸಿದ ಯಾವ ಅಧಿಕಾರವೂ ಅವರಿಗಿಲ್ಲವೆಂದು ಬರೆದಿಟ್ಟಿದೆ. ಆ ಕಟ್ಟು ಎಷ್ಟು ಬಿಗಿಯೆಂದರೆ, ವೃದ್ಧಾಪ್ಯದಿಂದ ದಣಿದ ಅಕಿಹಿಟೊ 2016ರಲ್ಲಿ ಜನರನ್ನುದ್ದೇಶಿಸಿ ಮಾತನಾಡುವಾಗಲೂ ಪಟ್ಟ ಬಿಡುತ್ತೇನೆಂದು ನೇರವಾಗಿ ಹೇಳಲಿಲ್ಲ. ಸಂಸತ್ತು ಮರುವರ್ಷ ಪ್ರತ್ಯೇಕ ಕಾಯಿದೆ ಮಾಡಿದ ಮೇಲೆಯೇ, 2019ರ ಏಪ್ರಿಲ್ 30ರಂದು, ಅವರಿಗೆ ಬಿಡುಗಡೆ ಸಿಕ್ಕಿತು.

ಬ್ರಿಟನ್ನಿನ ಬಗ್ಗೆ ನಿಮಗೆ ನನಗಿಂತ ಹೆಚ್ಚು ತಿಳಿದಿದೆ, ಹಾಗಾಗಿ ಒಂದೇ ಸಂಗತಿ ಹೇಳುತ್ತೇನೆ. ಅಲ್ಲಿ ಒಂದೇ ಗ್ರಂಥವಾಗಿ ಬರೆದ ಸಂವಿಧಾನವಿಲ್ಲ; 1689ರ ಹಕ್ಕುಗಳ ಕಾಯಿದೆಯಂಥ ಕೆಲವು ಶಾಸನಗಳೂ ಬಹಳಷ್ಟು ರೂಢಿಯೂ ಸೇರಿ ಅರಸನನ್ನು ಕಟ್ಟಿಹಾಕಿವೆ. ಸಂಸತ್ತು ಅಂಗೀಕರಿಸಿದ ಮಸೂದೆಗೆ ಅಂಕಿತ ನಿರಾಕರಿಸಿದ್ದು 1708ರಲ್ಲಿ ರಾಣಿ ಆ್ಯನ್ ಅವರೇ ಕೊನೆ. ಮಂತ್ರಿಯ ಸಲಹೆಯಂತೆ ನಡೆಯಬೇಕೆಂಬ ರೂಢಿ ಅಷ್ಟು ಗಟ್ಟಿಯಾದ ಮೇಲೆ, ಸಲಹೆಯೇ ತಪ್ಪಾಗಿದ್ದರೆ ಏನು ಗತಿ? 2019ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಅವರ ಸಲಹೆಯಂತೆ ರಾಣಿ ಸಂಸತ್ತಿನ ಅಧಿವೇಶನವನ್ನು ಐದು ವಾರಗಳ ಕಾಲ ನಿಲ್ಲಿಸಿದರು. ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ಸೆಪ್ಟೆಂಬರ್ 24ರಂದು ಒಮ್ಮತದಿಂದ, ಆ ಸಲಹೆ ಕಾನೂನುಬಾಹಿರವಾದ್ದರಿಂದ ಅಧಿವೇಶನ ನಿಂತೇ ಇಲ್ಲವೆಂದು ತೀರ್ಪಿತ್ತರು. ರಾಣಿಯ ಮೇಲೆ ಒಂದು ಅಕ್ಷರದ ಆಕ್ಷೇಪವೂ ಬರಲಿಲ್ಲ. ಇಲ್ಲಿ ಮೇಲುರುಜು ಮಾಡುವ ಕೆಲಸವನ್ನು ಅಲ್ಲಿ ಸಲಹೆ ಮಾಡುತ್ತದೆ: ಆಜ್ಞೆ ಅರಸರದು, ತಪ್ಪು ಮಂತ್ರಿಯದು.

ಹಾಗಾದರೆ ಅರಸನಿಗೆ ಸ್ವಂತದ್ದೇನೂ ಉಳಿದಿಲ್ಲವೇ ಎಂದರೆ, ಬೆಲ್ಜಿಯಮ್ಮಿನಲ್ಲಿ ಸ್ವಲ್ಪ ಉಳಿದಿದೆ. ಚುನಾವಣೆಯ ನಂತರ ಯಾವ ಪಕ್ಷಕ್ಕೂ ಬಹುಮತ ಸಿಗದೆ ಮಾತುಕತೆಗಳು ಜಗ್ಗಾಡುವಾಗ, ಯಾರನ್ನು ಕರೆದು ಸರ್ಕಾರ ಕಟ್ಟಲು ಹೇಳಬೇಕೆಂಬ ನಿರ್ಧಾರದಲ್ಲಿ ಅವನ ವಿವೇಚನೆಗೆ ಜಾಗವಿದೆ. 2010ರ ಚುನಾವಣೆಯ ನಂತರ ಹೊಸ ಸರ್ಕಾರ ಬರಲು 541 ದಿನ ಹಿಡಿದಾಗ ದೊರೆ ಎರಡನೆಯ ಆಲ್ಬರ್ಟ್ ಸಂಧಾನಕಾರರನ್ನು ಒಬ್ಬರಾದ ಮೇಲೊಬ್ಬರಂತೆ ನೇಮಿಸುತ್ತಲೇ ಇದ್ದರು. ನೆದರ್‌ಲ್ಯಾಂಡ್ಸ್ 2012ರಲ್ಲಿ ಈ ಕೆಲಸವನ್ನೂ ಅರಮನೆಯಿಂದ ಸಂಸತ್ತಿಗೆ ತಂದಿತು. ಇನ್ನು ದೊರೆ ಮಂತ್ರಿಗಳೊಂದಿಗೆ ಏಕಾಂತದಲ್ಲಿ ಆಡಿದ ಮಾತು ಹೊರಬರಬಾರದೆಂಬ ನಿಯಮವೂ ಇಲ್ಲಿದೆ. ಇದರಿಂದ ಅವನ ಪ್ರಭಾವ ಎಷ್ಟೆಂದು ಪ್ರಜೆಗಳಿಗೆ ತಿಳಿಯುವ ದಾರಿಯೇ ಇಲ್ಲದಂತಾಗುತ್ತದೆ, ಮತ್ತು ಈ ಇಡೀ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ದುರ್ಬಲವಾಗಿ ಕಾಣುವುದು ಇದೇ.

ನೀವು ಖಂಡಿತ ನಾರ್ವೆಯ ಮಾತೆತ್ತುತ್ತೀರಿ. 1940ರ ಏಪ್ರಿಲಿನಲ್ಲಿ, ನಾಟ್ಸಿಗಳ ಪರವಾಗಿದ್ದ ನಾರ್ವೆಯ ರಾಜಕಾರಣಿ ಕ್ವಿಸ್ಲಿಂಗ್‌ನನ್ನು ಪ್ರಧಾನಿಯಾಗಿ ನೇಮಿಸಬೇಕೆಂದು, ದೇಶದ ಮೇಲೆ ದಂಡೆತ್ತಿ ಬಂದ ಜರ್ಮನರು ಒತ್ತಾಯಿಸಿದಾಗ ದೊರೆ ಏಳನೆಯ ಹಾಕನ್ ಒಪ್ಪಲಿಲ್ಲವೆಂಬುದು ನಿಜ. ಆದರೆ ಅವರು ಅದನ್ನು ಮಂತ್ರಿಗಳ ಮುಂದಿಟ್ಟ ರೀತಿ ನೋಡಿ: ತೀರ್ಮಾನ ನಿಮ್ಮದು, ನನ್ನ ಅಭಿಪ್ರಾಯಕ್ಕೆ ನೀವು ಕಟ್ಟುಬೀಳಬೇಕಿಲ್ಲ, ನೀವು ಒಪ್ಪುವುದಾದರೆ ನಾನು ಪಟ್ಟ ಬಿಡುತ್ತೇನೆ ಎಂಬರ್ಥದಲ್ಲಿ ಅವರು ಮಾತನಾಡಿದರು, ಮಂತ್ರಿಮಂಡಲ ಅವರ ಜೊತೆ ನಿಂತಿತು. ಮಂತ್ರಿಗಳನ್ನು ಬಿಟ್ಟು ತಾವೊಬ್ಬರೇ ಆಜ್ಞೆ ಹೊರಡಿಸುವ ಯೋಚನೆ ಅಲ್ಲಿರಲಿಲ್ಲ. ಬೋದುವಾಂ ಅವರಂತೆಯೇ ಇವರಿಗೂ ತಮ್ಮ ಸ್ಥಾನದಿಂದ ಸರಿಯುವ ಹಕ್ಕೊಂದೇ ನಿಜವಾಗಿ ತಮ್ಮದಾಗಿತ್ತು.

ಇಷ್ಟಾದರೂ ಬೆಲ್ಜಿಯಂ ಲಕ್ಸೆಂಬರ್ಗಿನ ತಿದ್ದುಪಡಿಯನ್ನು ಮಾಡಿಕೊಂಡಿಲ್ಲ. ಕಾಯಿದೆಗಳಿಗೆ ಸಮ್ಮತಿ ಕೊಡುವವನು ಅರಸನೇ ಎಂದು 109ನೆಯ ವಿಧಿ ಇಂದಿಗೂ ಹೇಳುತ್ತದೆ. ಮುಂದೊಂದು ದಿನ ಇನ್ನೊಬ್ಬ ಅರಸನ ಆತ್ಮಸಾಕ್ಷಿ ಎಚ್ಚೆತ್ತರೆ ಮತ್ತೆ ಅಸಮರ್ಥತೆಯ ವಿಧಿಯನ್ನೇ ಜಗ್ಗಬೇಕು, ಇಲ್ಲವೇ ಸಂವಿಧಾನ ತಿದ್ದುಪಡಿಗೆ ಇಲ್ಲಿರುವ ದೀರ್ಘ ದಾರಿಯನ್ನು, ನಡುವೆ ಒಂದು ಚುನಾವಣೆಯೂ ಸೇರಿದಂತೆ, ತುಳಿಯಬೇಕು. ಯಾರಿಗೂ ಅವಸರವಿಲ್ಲದ ಈಗಲೇ ಅದನ್ನು ತಿದ್ದಿಕೊಳ್ಳುವುದು ಲೇಸೆಂದು ನನ್ನ ಅಭಿಪ್ರಾಯ. ನಿಮಗೆ ಬೇರೆಯಾಗಿ ತೋರಿದರೆ ಬರೆಯಿರಿ.

ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು